ಗಣಿ ಹೊಂಡದ ಹಾಳೆ: ಸುಕ್ಕಿಗಿಂತ ಬಿರುಕಿನ ಅಂಚು ನೋಡಿ

ಪ್ರಶ್ನೆ: ಚಿನ್ನದ ಗಣಿಯೊಂದರ ಸಂಸ್ಕರಣಾ ಘಟಕದಲ್ಲಿ ಮೇಲ್ವಿಚಾರಕನಾಗಿದ್ದೇನೆ. ನಮ್ಮ ಸೈನೈಡ್ ದ್ರಾವಣದ ಹೊಂಡಕ್ಕೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ (ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್) ಹಾಳೆ ಹಾಸಿ ಹತ್ತು ವರ್ಷ ದಾಟಿದೆ. ಮಧ್ಯಾಹ್ನ ಸುಕ್ಕುಗಟ್ಟುತ್ತದೆ, ಬೆಳಗ್ಗೆ ಬಿಗಿದುಕೊಳ್ಳುತ್ತದೆ. ಈಚೆಗೆ ಇಳಿಜಾರಿನಲ್ಲಿ ಬೆಸುಗೆಯ ಪಕ್ಕ ಕೂದಲೆಳೆಯಂಥ ಗೆರೆಗಳು ಕಾಣುತ್ತಿವೆ. ಯಾವುದು ಸಹಜ, ಯಾವುದು ಅಪಾಯ?

ಉತ್ತರ: ಸುಕ್ಕು ಸಹಜ. ಕಪ್ಪು ಹಾಳೆ ಬಿಸಿಲಲ್ಲಿ 60–70 ಡಿಗ್ರಿವರೆಗೂ ಕಾಯುತ್ತದೆ. ತಾಪ 40 ಡಿಗ್ರಿ ಏರಿದರೆ 100 ಮೀಟರ್ ಹಾಳೆ ಅರ್ಧ ಮೀಟರಿನಷ್ಟಾದರೂ ಹಿಗ್ಗುತ್ತದೆ, ರಾತ್ರಿ ಅಷ್ಟೇ ಕುಗ್ಗುತ್ತದೆ. ಆದರೆ ಬೆಳಗ್ಗೆ ಇಳಿಜಾರಿನ ಬುಡದಲ್ಲಿ ಹಾಳೆ ನೆಲ ಬಿಟ್ಟು ಎದ್ದು ನಿಲ್ಲುತ್ತಿದ್ದರೆ ಎಳೆತ ಮಿತಿಮೀರಿದೆ ಎಂದರ್ಥ. ಆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ.

ನನಗೆ ಆತಂಕ ತಂದಿರುವುದು ಆ ಗೆರೆಗಳು. ಹಾಳೆ ಬಿಗಿದಿರುವ ಮುಂಜಾನೆಯೇ ನೋಡಿ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚೂಪು ಕಲ್ಲೋ ಯಂತ್ರವೋ ಹರಿದಿದ್ದರೆ ಅಂಚು ಜಗ್ಗಿ, ತೆಳುವಾಗಿ, ಬೆಳ್ಳಗಾಗಿರುತ್ತದೆ. ಒತ್ತಡದ ಬಿರುಕಿನಲ್ಲಿ ಹಾಗಿಲ್ಲ. ಗಾಜು ಒಡೆದಂತೆ ಅಂಚು ಚೊಕ್ಕ, ಜಗ್ಗಿದ ಗುರುತೇ ಇರದು. ಬೆಸುಗೆ ಹಾಕುವಾಗ ಶಾಖ ಹೆಚ್ಚಾದಲ್ಲಿ ಅಥವಾ ಗ್ರೈಂಡರ್ ಆಳಕ್ಕಿಳಿದಲ್ಲಿ ಇದು ಸಾಮಾನ್ಯವಾಗಿ ಶುರುವಾಗುತ್ತದೆ.

ಹರಿದದ್ದಾದರೆ ಸುತ್ತಲೂ ಕನಿಷ್ಠ 15 ಸೆಂ.ಮೀ. ಚಾಚುವ, ಮೂಲೆ ದುಂಡಗಿರುವ ತೇಪೆ ಬೆಸೆದು, ಸೋಪುನೀರು ಹಚ್ಚಿ ವ್ಯಾಕ್ಯೂಮ್ ಬಾಕ್ಸ್‌ನಲ್ಲಿ (ಮೇಲಿಟ್ಟು ಗಾಳಿ ಹೀರುವ ಪಾರದರ್ಶಕ ಪೆಟ್ಟಿಗೆ) ಪರೀಕ್ಷಿಸಿ. ಗುಳ್ಳೆ ಎದ್ದರೆ ಸೋರಿಕೆ. ಬಿರುಕಾದರೆ ತೇಪೆಯಷ್ಟೇ ಸಾಲದು. ಬಿಸಿಲಿಗೊಡ್ಡಿದ ಭಾಗದಿಂದ ಒಂದು ತುಂಡು, ದಡದ ಆಂಕರ್ ಟ್ರೆಂಚ್‌ನಲ್ಲಿ (ಹಾಳೆಯ ಅಂಚನ್ನು ಹಿಡಿದಿಡುವ ಕಾಲುವೆ) ಹೂತ ಭಾಗದಿಂದ ಇನ್ನೊಂದು ತುಂಡು ಕತ್ತರಿಸಿ ಓಐಟಿ ಪರೀಕ್ಷೆಗೆ ಕಳಿಸಿ. ಬಿಸಿಯಲ್ಲಿ ಆಮ್ಲಜನಕಕ್ಕೆ ಒಡ್ಡಿದ ತುಂಡು ಎಷ್ಟು ನಿಮಿಷ ತಾಳುತ್ತದೆ ಎಂದು ಅಳೆದು, ಹಾಳೆ ಕೆಡದಂತೆ ಕಾಯುವ ಉತ್ಕರ್ಷಣ ನಿರೋಧಕ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಎಚ್‌ಡಿಪಿಇ ಹಾಳೆಗಳ ಜಿಆರ್‌ಐ ಜಿಎಂ13 ಮಾನದಂಡದಂತೆ ಹೊಸ ಹಾಳೆಗೆ ಕನಿಷ್ಠ 100 ನಿಮಿಷ ಬರಬೇಕು. ಹೂತ ತುಂಡಿನಲ್ಲಿ ಚೆನ್ನಾಗಿದ್ದು, ಬಿಸಿಲಿನ ತುಂಡಿನಲ್ಲಿ ಕೆಲವೇ ನಿಮಿಷಕ್ಕೆ ಇಳಿದಿದ್ದರೆ ಇಳಿಜಾರಿನ ಹಾಳೆಯನ್ನೇ ಬದಲಿಸುವ ಲೆಕ್ಕ ಹಾಕಿ. ಅಂಥ ಹಾಳೆಯಲ್ಲಿ ತೇಪೆಯ ಪಕ್ಕದಲ್ಲೇ ಮತ್ತೊಂದು ಬಿರುಕು ಬಿಡುತ್ತದೆ.

ದಯವಿಟ್ಟು ಒಬ್ಬರೇ ಇಳಿಯಬೇಡಿ. ಒದ್ದೆ ಹಾಳೆ ಮೇಲೆ ಕಾಲು ನಿಲ್ಲದು. ಹಾರ್ನೆಸ್, ಹಗ್ಗ, ದಡದಲ್ಲಿ ಇನ್ನೊಬ್ಬರು ಇರಲೇಬೇಕು.

ಎರಡು ಪದರದ ಹೊಂಡವಾಗಿದ್ದರೆ ನಡುವಿನ ಸಂಪ್‌ನಿಂದ (ಸೋರಿದ ದ್ರಾವಣ ಸೇರುವ ಗುಂಡಿ) ದಿನಕ್ಕೆಷ್ಟು ಪಂಪ್ ಆಗುತ್ತಿದೆ ಎಂದು ಇಂದಿನಿಂದಲೇ ಬರೆದಿಡಿ. ಹೊಂಡದ ಮಟ್ಟ ಒಂದು ಎತ್ತರ ದಾಟಿದಾಗಷ್ಟೇ ಆ ಪ್ರಮಾಣ ಥಟ್ಟನೆ ಏರಿದರೆ ತೂತು ಇಳಿಜಾರಿನ ಮೇಲ್ಭಾಗದಲ್ಲಿರುವ ಸಾಧ್ಯತೆ ಹೆಚ್ಚು. ಹುಡುಕಾಟ ಅಲ್ಲಿಂದ ಶುರುಮಾಡಿ.