ಓದುಗರ ಪ್ರಶ್ನೆ: ಬುರುಜಿನ ನಾಡಿನಿಂದ ಬೂರ್ಜಿಯ ಊರಿಗೆ

ಗ್ರೀಸ್ ದೇಶದ ದಕ್ಷಿಣಕ್ಕೆ ಪೆಲೊಪೊನೀಸ್ ಪರ್ಯಾಯದ್ವೀಪ. ಅದರ ಪೂರ್ವ ಕರಾವಳಿಯ ಅರ್ಗೋಲಿಡಾ ಸೀಮೆಯಲ್ಲಿ ನಾಫ್ಲಿಯೊ ಅನ್ನುವ ಬಂದರು ಊರಿದೆ. ಟಿರಿನ್ಸ್, ಮೈಸೀನಿ, ಎಪಿಡಾವ್ರೊಸ್ ಎಂಬ ಮೂರು ಪ್ರಾಚೀನ ತಾಣಗಳೂ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಸುತ್ತಿನೊಳಗೇ ಸಿಗುತ್ತವೆ. ಈ ಊರುಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಅಥೆನ್ಸಿನಾಗ ಇಳಕೊಂಡು ಒಂದೇ ದಿನದಾಗ ಎಲ್ಲಾ ನೋಡಿ ಬರಬಹುದು ಅಂತಾರ. ಖರೇ ಏನ್ರಿ? ನಮಗ ನಾಲ್ಕು ದಿನ ಬಿಡುವು ಅದ. (ಬೀದರ್)

ಬಸ್ಸಿನ ಕಿಟಕಿಯಿಂದ ನೋಡಿದ್ದೂ ನೋಡಿದ್ದೇ ಅನ್ನುವುದಾದರೆ ಖರೇ. ಅಥೆನ್ಸಿನಿಂದ ಬೆಳಿಗ್ಗೆ ಹೊರಡುವ ಪ್ರವಾಸಿ ಬಸ್ಸುಗಳೆಲ್ಲ ಮೈಸೀನಿ ಮುಟ್ಟುವುದು ಹತ್ತೂವರೆ, ಹನ್ನೊಂದಕ್ಕೆ. ಅಲ್ಲಿನ ಕೋಟೆಯ ಸಿಂಹದ್ವಾರದ ಮುಂದೆ ಸಾಲು ನಿಲ್ಲುವುದೂ ನೆತ್ತಿ ಸುಡುವುದೂ ಆಗಲೇ. ನಾಲ್ಕು ದಿನ ಇದ್ದರೆ ಮೂರು ರಾತ್ರಿ ನಾಫ್ಲಿಯೊದಲ್ಲೇ ಉಳಿಯಿರಿ, ದ್ವೀಪಗಳ ಆಸೆ ಈ ಸಲಕ್ಕೆ ಬಿಡಿ.

ಅಥೆನ್ಸ್ ವಿಮಾನ ನಿಲ್ದಾಣದಿಂದ ಎಕ್ಸ್-93 ನಂಬರಿನ ಬಸ್ಸು ಕಿಫಿಸ್ಸೊಸ್ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ನಾಫ್ಲಿಯೊ ಬಸ್ಸು ಹೊರಡುವುದೂ ಅಲ್ಲಿಂದಲೇ. ದೂರ ಸುಮಾರು 140 ಕಿ.ಮೀ., ಎರಡೂವರೆ ತಾಸು ಹಿಡಿದುಕೊಳ್ಳಿ. ಅಲ್ಲಿನ ಜಿಲ್ಲಾ ಬಸ್ಸುಗಳಿಗೆ ಕೆಟೆಲ್ ಎನ್ನುತ್ತಾರೆ.

ಈ ಬಸ್ಸುಗಳಲ್ಲಿ ಜನ ಎಡವುವ ಜಾಗ ಎರಡು. ಮೊದಲನೆಯದು ಮೈಸೀನಿ. ಅಥೆನ್ಸ್–ನಾಫ್ಲಿಯೊ ಬಸ್ಸು ಮೈಸೀನಿಯ ಹೆಸರಿನಲ್ಲಿ ನಿಮ್ಮನ್ನು ಇಳಿಸುವುದು ಫಿಖ್ತಿ ಎಂಬ ಹಳ್ಳಿಯ ಕೂಡುರಸ್ತೆಯಲ್ಲಿ. ಕೋಟೆ ಅಲ್ಲಿಂದ ಇನ್ನೂ ನಾಲ್ಕು ಕಿಲೋಮೀಟರ್ ಮೇಲೆ, ದಾರಿಯಲ್ಲಿ ನೆರಳು ಕಡಿಮೆ. ನಾಫ್ಲಿಯೊದಿಂದ ಕೋಟೆಯ ಬಾಗಿಲಿಗೇ ಹೋಗುವ ಬಸ್ಸುಗಳಿವೆ. ದಿನಕ್ಕೆ ಕೆಲವೇ, ಭಾನುವಾರ ಇನ್ನೂ ಕಡಿಮೆ. ವಾಪಸು ಬಸ್ಸಿನ ವೇಳೆ ಮೊದಲು ಬರೆದುಕೊಂಡು ಆಮೇಲೆ ಹತ್ತಿ.

ಎರಡನೆಯದು ಎಪಿಡಾವ್ರೊಸ್. ಈ ಹೆಸರಿನ ಜಾಗ ಒಂದಲ್ಲ, ಮೂರು. ಹೆಸರುವಾಸಿ ರಂಗಮಂದಿರ ಇರುವುದು ಲಿಗುರಿಯೊ ಹಳ್ಳಿಯ ಹತ್ತಿರ, ಕಡಲಿನಿಂದ ಒಳಗೆ. ‘ಪಲೇಅ’ ಅಥವಾ ‘ಅರ್ಖೇಅ’ ಎಪಿಡಾವ್ರೊಸ್ ಎಂದರೆ ಕಡಲ ದಂಡೆಯ ಊರು. ‘ನೇಅ’ ಎಪಿಡಾವ್ರೊಸ್ ಮತ್ತೊಂದು. ಅರ್ಖೇಅ ಎಂದರೆ ಪ್ರಾಚೀನ ಎಂದರ್ಥ. ಅದನ್ನು ನಂಬಿ ಬಸ್ಸು ಹತ್ತಿದವರು ಮೀನುದೋಣಿಗಳ ಮುಂದೆ ಇಳಿದು ರಂಗಮಂದಿರ ಎಲ್ಲಿ ಎಂದು ಕೇಳುತ್ತಾರೆ. ಕಂಡಕ್ಟರಿಗೆ ‘ಥೇಅತ್ರೊ’ (ರಂಗಮಂದಿರ) ಅನ್ನಿ, ಇಲ್ಲವೆ ‘ಅಸ್ಕ್ಲಿಪಿಯೊ’ (ಅಲ್ಲಿನ ವೈದ್ಯದೇವರ ಕ್ಷೇತ್ರ) ಅನ್ನಿ.

ಪಲಮೀದಿ ಕೋಟೆಗೆ 999 ಮೆಟ್ಟಿಲು ಅಂತ ಓದಿದೆ. ನಾವು ಯಾದಗಿರಿ ಕೋಟೆ ಗುಡ್ಡ ಹತ್ತಿದವರು. ಆದ್ರ ಜೋಡಿ ಅವ್ವ ಬರ್ತಾಳ, 62 ವಯಸ್ಸು, ಮೊಣಕಾಲು ನೋವು. (ಯಾದಗಿರಿ)

999 ಊರವರ ಮಾತು. ಸ್ವಾತಂತ್ರ್ಯ ಸಮರದ ಸೇನಾನಿ ಕೊಲೊಕೊತ್ರೋನಿಸ್‌ನ ಕುದುರೆ ಸಾವಿರದ ಮೆಟ್ಟಿಲನ್ನು ಒಡೆಯಿತಂತೆ. ಎಣಿಸಿದವರ ಲೆಕ್ಕ 850ರ ಮೇಲೆ ಎಲ್ಲೋ ನಿಲ್ಲುತ್ತದೆ, ಒಬ್ಬೊಬ್ಬರದು ಒಂದೊಂದು. ನಾಫ್ಲಿಯೊ ಊರಿನ ನೆತ್ತಿಯ ಮೇಲಿರುವ ಈ ಗುಡ್ಡದ ಎತ್ತರ 216 ಮೀಟರ್. ಯಾದಗಿರಿ ಗುಡ್ಡ ಹತ್ತಿದ ಕಾಲಿಗೆ ಅರ್ಧ ತಾಸಿನ ಕೆಲಸ.

ಮೆಟ್ಟಿಲುಗಳು ಊರಿನ ಕಡೆಗೆ, ಗುಡ್ಡದ ಪಡುವಣ ಮೈಯಲ್ಲಿವೆ. ಹೀಗಾಗಿ ಬೆಳಿಗ್ಗೆ ನೆರಳು, ಮಧ್ಯಾಹ್ನದ ಮೇಲೆ ನೇರ ಬಿಸಿಲು. ಏಳೂವರೆಗೆ ಹತ್ತಲು ಶುರುಮಾಡಿದರೆ ಬಾಗಿಲು ತೆರೆಯುವ ಹೊತ್ತಿಗೆ ಮೇಲಿರುತ್ತೀರಿ. ದಾರಿಯಲ್ಲಿ ನೀರು ಸಿಗದು, ತಲೆಗೆ ಒಂದೂವರೆ ಲೀಟರ್ ಬೇಕು. ಸುಣ್ಣಕಲ್ಲಿನ ಮೆಟ್ಟಿಲು ಕಾಲು ತಾಗಿ ತಾಗಿ ನುಣುಪಾಗಿದೆ, ಮಳೆ ಬಿದ್ದ ಮರುದಿನ ಚಪ್ಪಲಿ ಜಾರುತ್ತದೆ. ರಬ್ಬರ್ ತಳದ ಬೂಟು ಹಾಕಿ.

ಅವ್ವನಿಗೆ ಮೆಟ್ಟಿಲು ಬೇಡ. ಇಳಿಯುವುದಂತೂ ಬೇಡವೇ ಬೇಡ, ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ. ಗುಡ್ಡದ ಹಿಂಬದಿಯಿಂದ ಟ್ಯಾಕ್ಸಿ ಮೇಲಿನ ಬಾಗಿಲವರೆಗೆ ಹೋಗುತ್ತದೆ. ವಾಪಸಿಗೆ ಅದೇ ಟ್ಯಾಕ್ಸಿಯನ್ನು ಗಂಟೆ ಹೇಳಿ ಕರೆಸಿಕೊಳ್ಳಿ. ಒಳಗೆ ನೆಲ ಸಮವಿಲ್ಲ, ಎಲ್ಲ ಕಡೆ ಸುತ್ತಿಸಬೇಡಿ. ಸಂತ ಆಂಡ್ರಿಯಾಸ್‌ನ ಸಣ್ಣ ಚರ್ಚ್ ಇರುವ ಕೊತ್ತಳಕ್ಕೆ ಕರೆದೊಯ್ದರೆ ಸಾಕು. ಊರು, ಬಂದರು, ಕೊಲ್ಲಿ ಮೂರೂ ಅಲ್ಲಿಂದಲೇ ಕಾಣುತ್ತವೆ.

ಕೋಟೆಯನ್ನು ವೆನಿಸಿನವರು ಕಟ್ಟಿದ್ದು 1711ರಿಂದ 1714ರವರೆಗೆ. ಬೀದರ್ ಕೋಟೆಯ ಜೀವ ಅದರ ಕಂದಕದಲ್ಲಿದ್ದರೆ, ಇದರ ಜೀವ ಬಿಡಿಬಿಡಿಯಾಗಿ ನಿಂತ ಎಂಟು ಕೊತ್ತಳಗಳಲ್ಲಿ. ಒಂದು ಶತ್ರುವಿನ ಕೈಗೆ ಹೋದರೂ ಉಳಿದವು ಹೊಡೆದಾಡುತ್ತಲೇ ಇರಬೇಕೆಂಬ ಲೆಕ್ಕ. ಆದರೂ ಕಟ್ಟಿ ಮುಗಿಸಿದ ಮರುವರ್ಷವೇ, 1715ರಲ್ಲಿ, ಅದು ಆಟೊಮನ್ ತುರ್ಕರ ಪಾಲಾಯಿತು.

ಕಲಬುರಗಿ ಬಿಸಿಲು ಕುಡಿದು ಬೆಳೆದವರಿಗೆ ಜುಲೈದಾಗ ಹೋದ್ರ ಏನ್ ತೊಂದ್ರಿ? (ಬ್ರಹ್ಮಪುರ, ಕಲಬುರಗಿ)

ನಮ್ಮ ಮೇ ತಿಂಗಳಲ್ಲಿ ಮಧ್ಯಾಹ್ನ ಯಾರೂ ಹೊರಗೆ ತಿರುಗುವುದಿಲ್ಲ. ಪ್ರವಾಸಕ್ಕೆ ಹೋದವರು ಅದನ್ನೇ ಮರೆಯುತ್ತಾರೆ, ತೊಂದರೆ ಅಷ್ಟೇ. ಬಿಸಿಗಾಳಿ ಬಂದಾಗ ಸರ್ಕಾರವೇ ಸ್ಮಾರಕಗಳನ್ನು ಮಧ್ಯಾಹ್ನ 12ರಿಂದ 5ರವರೆಗೆ ಮುಚ್ಚಿಸುವುದುಂಟು. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ ಒಳ್ಳೆಯದು. ಕಡಲಿಗೆ ಇಳಿಯುವವರಿಗೆ ಸೆಪ್ಟೆಂಬರ್ ಇನ್ನೂ ಮೇಲು, ಬೇಸಿಗೆಯೆಲ್ಲ ಕಾದ ನೀರು ಆಗ ಬೆಚ್ಚಗಿರುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ಆದರೆ ಚಳಿಗಾಲದಲ್ಲಿ ಹಲವು ಕಡೆ ಮಧ್ಯಾಹ್ನ ಮೂರೂವರೆಗೇ ಬಾಗಿಲು ಹಾಕುತ್ತಾರೆ.

ನಾವು ಪಕ್ಕಾ ಶಾಖಾಹಾರಿ. ರೊಟ್ಟಿ ಒಯ್ಯಬಹುದಾ? ಅಲ್ಲಿ ಏನು ತಿನ್ನಬೇಕು? (ಹುಮನಾಬಾದ್)

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಢೆ, ಖೋವಾ ಬೇಡ. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಕಸ್ಟಮ್ಸ್‌ನವರು ತೆಗೆದು ಬಿಸಾಡುತ್ತಾರೆ. ಹಸಿ ಕರಿಬೇವನ್ನೂ ಮನೆಯಲ್ಲೇ ಬಿಡಿ.

ಅಲ್ಲಿ ಉಪವಾಸ ಬೀಳುವ ಭಯವಿಲ್ಲ. ಎಣ್ಣೆ, ಟೊಮೆಟೊ ಹಾಕಿ ಬೇಯಿಸಿದ ತರಕಾರಿ ಅಡುಗೆಗಳಿಗೆ ‘ಲಾದೆರಾ’ ಎಂಬ ಹೆಸರೇ ಇದೆ. ‘ಬಾಮಿಯೆಸ್’ ಅಂದರೆ ನಮ್ಮ ಬೆಂಡಿಕಾಯಿ. ‘ಬ್ರಿಯಾಮ್’ ಎಂದರೆ ಬದನಿಕಾಯಿ, ಆಲೂಗಡ್ಡಿ ಇತ್ಯಾದಿ ಸೇರಿಸಿ ಒಲೆಯಲ್ಲಿ ಬೇಯಿಸಿದ್ದು. ‘ಯಿಗಾಂದೆಸ್’ ದೊಡ್ಡ ಬಿಳಿ ಅವರೆಯಂಥ ಕಾಳು. ಬೇಸಿಗೆಯಲ್ಲಿ ‘ವ್ಲೀತಾ’ ಕೇಳಿ ನೋಡಿ, ಅದು ರಾಜಗಿರಿ ಪಲ್ಯದ ಬಳಗವೇ. ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಖಾರ ಇರುವುದಿಲ್ಲ. ಹಿಂಡಿ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮೋಸ ಹೋಗುವುದು ಮೂರು ಕಡೆ. ‘ಗೆಮಿಸ್ತಾ’ (ತುಂಬಿದ ಟೊಮೆಟೊ, ಡೊಣ್ಣಮೆಣಸಿನಕಾಯಿ) ಮತ್ತು ‘ದೊಲ್ಮಾದೆಸ್’ (ದ್ರಾಕ್ಷಿ ಎಲೆಯ ಸುರುಳಿ) ಬರೀ ಅನ್ನದ್ದೂ ಇರುತ್ತವೆ, ಕೀಮಾ ಬೆರೆಸಿದ್ದೂ ಇರುತ್ತವೆ. ‘ಹೊರಿಸ್ ಕ್ರೇಅಸ್?’ ಎಂದು ಕೇಳಿ, ಮಾಂಸವಿಲ್ಲದ್ದೇ ಎಂದರ್ಥ. ಎರಡನೆಯದು ‘ನಿಸ್ತೀಸಿಮೊ’, ಚರ್ಚಿನ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇಲ್ಲವೆಂದು ಖುಷಿಪಡುವಷ್ಟರಲ್ಲಿ ತಟ್ಟೆಗೆ ಆಕ್ಟೋಪಸ್ ಬರಬಹುದು. ಅವರ ಉಪವಾಸಕ್ಕೆ ಅದು, ಸಿಗಡಿ ಎಲ್ಲ ನಡೆಯುತ್ತವೆ. ಮೂರನೆಯದು ತಲೆ ಆಡಿಸುವುದು. ‘ನೆ’ ಅಂದರೆ ಹೌದು. ಗಲ್ಲ ಮೇಲೆತ್ತಿ ನಾಲಿಗೆ ‘ಚ್’ ಅಂದರೆ ಇಲ್ಲ. ನಾವು ‘ಏನು?’ ಎಂದು ಕೇಳಲು ಗಲ್ಲ ಎತ್ತುತ್ತೇವೆ, ಮಾಣಿ ಅದನ್ನು ‘ಬೇಡ’ ಎಂದು ತಿಳಿದು ತಟ್ಟೆ ಒಯ್ಯುತ್ತಾನೆ.

ಬಾವಿಯಾಗ ಈಜು ಕಲಿತೀನಿ. ಕಡಲಾಗ ಮುಳುಗಿದ ಊರು ನೋಡಾಕ ಆಗ್ತದೇನು? (ಶಹಾಪುರ)

ಆಗುತ್ತದೆ. ಮೇಲೆ ಹೇಳಿದ ಕಡಲ ದಂಡೆಯ ಪಲೇಅ ಎಪಿಡಾವ್ರೊಸ್‌ನಲ್ಲಿ ದಡದಿಂದ ಐವತ್ತು ಮೀಟರಿನಷ್ಟು ದೂರದಲ್ಲಿ, ಎರಡು ಮೀಟರ್ ಆಳದಲ್ಲಿ ಗೋಡೆಗಳ ತಳ ಮತ್ತು ದೊಡ್ಡ ಹರವಿಗಳ ಬಾಯಿ ಕಾಣುತ್ತವೆ. ‘ಮುಳುಗಿದ ನಗರ’ ಎಂಬುದು ಫಲಕದ ಮಾತು. ಇರುವುದು ರೋಮನ್ ಕಾಲದ ಒಂದು ತೋಟದ ಮನೆಯ ಉಳಿಕೆ. ನಗರ ಎಂದು ಹೋದವರಿಗೆ ಐದು ನಿಮಿಷದಲ್ಲಿ ಬೇಸರ, ಮನೆ ಎಂದು ಹೋದವರಿಗೆ ಒಂದು ತಾಸು ಸಾಲದು.

ಬೆಳಿಗ್ಗೆ ಹತ್ತರ ಒಳಗೆ ಇಳಿಯಿರಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ಮೇಲ್ಮೈ ಸುಕ್ಕುಗಟ್ಟಿ ಕೆಳಗಿನದು ಕಲಸಿಹೋಗುತ್ತದೆ. ಮುಖಕ್ಕೆ ಹಾಕುವ ಗಾಜಿನ ಮಾಸ್ಕಿನ ಒಳಗೆ ಮಂಜು ಕಟ್ಟದಂತೆ ಎಂಜಲು ಉಜ್ಜಿ ತೊಳೆಯಿರಿ, ಒಳ್ಳೆ ಒಳ್ಳೆ ಈಜುಗಾರರೂ ಮಾಡುವುದು ಅದನ್ನೇ. ಮಾಸ್ಕಿನ ಅಂಚಿಗೆ ದಪ್ಪ ಮೀಸೆ ಸಿಕ್ಕಿದರೆ ನೀರು ಜಿನುಗುತ್ತದೆ. ಉಪ್ಪುನೀರು ಮೈಯನ್ನು ಬಾವಿನೀರಿಗಿಂತ ಹೆಚ್ಚು ತೇಲಿಸುತ್ತದೆ, ಅದು ಅನುಕೂಲ. ಆದರೆ ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಕಟ್ಟೆ ಸಿಗುತ್ತದೆ, ಇಲ್ಲಿ ಸಿಗದು. ಒಬ್ಬರೇ ಹೋಗಬೇಡಿ, ದೋಣಿಯವರಿಗೆ ಕಾಣುವಂಥ ಬಣ್ಣದ ತೇಲುಬುಗ್ಗೆ ಸೊಂಟಕ್ಕೆ ಕಟ್ಟಿಕೊಳ್ಳಿ. ಈಜು ಬೇಡವೆಂದರೆ ಕಯಾಕ್ ದೋಣಿಯಲ್ಲಿ ಕೂತು ಮೇಲಿನಿಂದಲೂ ನೋಡಬಹುದು.

ಬಂಡೆಗಳ ಮೇಲೆ ಕಪ್ಪಗೆ, ಮುಳ್ಳುಮುಳ್ಳಾಗಿ ಕೂತಿರುವುದು ಕಡಲಕುಡಿಕೆ (ಸೀ ಅರ್ಚಿನ್) ಎಂಬ ಪ್ರಾಣಿ, ಅಲ್ಲಿಯವರ ‘ಅಹಿನೊಸ್’. ರಬ್ಬರ್ ಬೂಟಿಲ್ಲದೆ ಕಾಲಿಡಬೇಡಿ. ಮುಳ್ಳು ಹೊಕ್ಕರೆ ಸೂಜಿಯಿಂದ ಕೆದರಬೇಡಿ, ಒಳಗೇ ಮುರಿಯುತ್ತದೆ. ತಾಳುವಷ್ಟು ಬಿಸಿ ನೀರಿನಲ್ಲಿ ಕಾಲು ನೆನೆಸಿ, ಹೊರಗೆ ಕಂಡದ್ದನ್ನು ಮಾತ್ರ ಚಿಮಟದಿಂದ ಎಳೆಯಿರಿ. ಕೀಲಿನ ಹತ್ತಿರ ಹೊಕ್ಕಿದ್ದರೆ ಡಾಕ್ಟರೇ ನೋಡಬೇಕು. ಇನ್ನೊಂದು ಮಾತು: ಒಂದು ಮಡಕೆ ಚೂರನ್ನೂ ಎತ್ತಿಕೊಳ್ಳಬೇಡಿ, ಅದು ಅಲ್ಲಿ ಅಪರಾಧ.

ಎಪಿಡಾವ್ರೊಸ್‌ನಾಗ ನಾಣ್ಯ ಬಿದ್ದ ಸದ್ದು ಕೊನೀ ಸಾಲಿಗೂ ಕೇಳ್ತದಂತ. ಗೋಳಗುಮ್ಮಟದಂಗೇ ಏನು? (ಆಳಂದ)

ಅದರ ತದ್ವಿರುದ್ಧ. ಗುಮ್ಮಟ ಮುಚ್ಚಿದ್ದು, ಸದ್ದು ಒಳಗೇ ಸುತ್ತಿ ಮರಳಿ ಬರುತ್ತದೆ. ಇದು ಬಯಲು, 55 ಸಾಲಿನ ಕಲ್ಲಿನ ಮೆಟ್ಟಿಲು, ಸುಮಾರು 14,000 ಜನ ಕೂರುವ ಜಾಗ. ಸದ್ದು ಮರಳದೇ ಇರುವುದರಿಂದಲೇ ಮಾತು ಸ್ಪಷ್ಟ. ನಾಣ್ಯದ ಕಥೆಯನ್ನು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಯಂತ್ರವಿಟ್ಟು ಅಳೆದು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೋ ಸದ್ದಾಯಿತೆಂದು ಎಲ್ಲ ಕಡೆ ತಿಳಿಯುತ್ತದೆ, ನಾಣ್ಯವೇ ಎಂದು ಗುರುತು ಹತ್ತುವುದು ಅರ್ಧ ದೂರದವರೆಗೆ ಮಾತ್ರ, ಪಿಸುಮಾತು ಮುಂದಿನ ಸಾಲಿಗಷ್ಟೇ. ಪರೀಕ್ಷೆ ಮಾಡುವುದಾದರೆ ಜನ ಬರುವ ಮುಂಚೆ ಹೋಗಿ, ಒಬ್ಬರು ನಡುವಿನ ಕಲ್ಲಿನ ಮೇಲೆ ನಿಂತು ವಚನವೊಂದನ್ನು ಸಾದಾ ದನಿಯಲ್ಲಿ ಹೇಳಲಿ, ಇನ್ನೊಬ್ಬರು ತುದಿಗೆ ಕೂರಲಿ. ಚಪ್ಪಾಳೆ ಹೊಡೆಯುವ ಗುಂಪುಗಳು ಒಳಬಂದ ಮೇಲೆ ಏನೂ ಕೇಳಿಸದು.

ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸಬಹುದಾ? (ಬಸವಕಲ್ಯಾಣ)

ನಮ್ಮ ಲೈಸೆನ್ಸಿನ ಜೊತೆ ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಒಂದು ವರ್ಷ ನಡೆಯುತ್ತದೆ. ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲಿನಿಂದ ಹಾಕಬಹುದು, ಕನಿಷ್ಠ 30,000 ಯುರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಅದೇ ಓಡಾಟದಲ್ಲಿ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಅಲ್ಲಿ ಬಲಗಡೆ ಓಡಿಸುವುದು. ನೇರ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ. ಪೆಟ್ರೋಲ್ ಬಂಕಿನಿಂದ ಹೊರಬಂದು ಎಡಕ್ಕೆ ತಿರುಗುವಾಗ ಕೈ ಹಳೆಯ ರೂಢಿಗೆ ಬೀಳುತ್ತದೆ. ಪಕ್ಕದಲ್ಲಿ ಕೂತವರು ಆಗ ‘ಬಲಕ್ಕೆ’ ಎಂದು ಕೂಗಲಿ. ನಾಫ್ಲಿಯೊದ ಹಳೇ ಊರಿನ ಓಣಿಗಳಿಗೆ ಕಾರು ತರಬೇಡಿ, ಬಂದರಿನ ಬಯಲಲ್ಲಿ ನಿಲ್ಲಿಸಿ ನಡೆಯಿರಿ.

ಬಂದರಿನಲ್ಲಿ ನಿಂತರೆ ನೀರಿನ ನಡುವೆ ಕಾಣುವ ಪುಟ್ಟ ಕೋಟೆಯ ಹೆಸರು ಬೂರ್ಜಿ. ಹೌದು, ನಮ್ಮ ಬುರುಜೇ. ಅರಬಿ ಮೂಲದ ಶಬ್ದ ನಮಗೂ ಬಂತು, ತುರ್ಕಿಯ ಮೂಲಕ ಅವರಿಗೂ ಹೋಯಿತು. ವೆನಿಸಿನವರು ಅದನ್ನು ಕಟ್ಟಿಸಿದ್ದು 1473ರಲ್ಲಿ, ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಮುಗಿದ ಮರುವರ್ಷ.

ಮೈಸೀನಿಯಾಗ ಬರೀ ಕಲ್ಲಿನ ರಾಶಿ ಅಂತಾರ. ಏನು ನೋಡಬೇಕು? (ಬೀದರ್)

ಕಲ್ಲಿನ ಮೇಲೆ ಕಲ್ಲು ಹೇಗೆ ನಿಂತಿದೆ ಎಂಬುದನ್ನು ನೋಡಬೇಕು. ಸಿಂಹದ್ವಾರ ಕ್ರಿ.ಪೂ. 1250ರ ಸುಮಾರಿನದು. ಅದರ ಮೇಲಡ್ಡದ ಕಲ್ಲೊಂದೇ ಸುಮಾರು 20 ಟನ್. ಅದರ ಮೇಲೆ ಗೋಡೆಯ ಭಾರವನ್ನೂ ಹೇರಿದ್ದರೆ ನಡುವೆ ಸೀಳುತ್ತಿತ್ತು. ಅದಕ್ಕೇ ಮೇಲೆ ಮುಕ್ಕೋನದ ಖಾಲಿ ಜಾಗ ಬಿಟ್ಟು ಭಾರವನ್ನು ಎರಡೂ ಪಕ್ಕಕ್ಕೆ ಇಳಿಸಿದರು. ಆ ಖಾಲಿಯನ್ನು ಮುಚ್ಚಲು ಇಟ್ಟ ತೆಳು ಹಲಗೆಗಲ್ಲಿನ ಮೇಲೆ ಸಿಂಹಗಳನ್ನು ಕೆತ್ತಿದ್ದು.

ಕೋಟೆಗೆ ಮುಂಚೆಯೇ ರಸ್ತೆ ಬದಿಗೆ ‘ಅತ್ರೇವುಸನ ಭಂಡಾರ’ ಬರುತ್ತದೆ. ಹೆಸರು ಭಂಡಾರ, ಇರುವುದು ಗೋರಿ. ಒಳಗಿನ ಗುಮ್ಮಟ 14.5 ಮೀಟರ್ ಅಗಲ, 13 ಮೀಟರಿಗೂ ಮಿಗಿಲು ಎತ್ತರ. ಅಷ್ಟೂರಿನ ಬಹಮನಿ ಗೋರಿಗಳ ಗುಮ್ಮಟ ನೋಡಿದ ಕಣ್ಣಿಗೆ ಫರಕು ಬೇಗ ಹೊಳೆಯುತ್ತದೆ. ಇಲ್ಲಿ ಪ್ರತಿ ವರಸೆಯ ಕಲ್ಲೂ ಮಟ್ಟಸವಾಗಿ ಮಲಗಿ, ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿದೆ. ಸುಣ್ಣ ಇಲ್ಲ, ಗಾರೆ ಇಲ್ಲ. ಮೇಲೆ ಹೇರಿದ ಮಣ್ಣಿನ ದಿಬ್ಬವೇ ಕಲ್ಲುಗಳ ಬಾಲ ಒತ್ತಿ ಹಿಡಿದಿದೆ. ಟಿಕೆಟ್ ಕೋಟೆಯದೇ ನಡೆಯುತ್ತದೆ, ಚೀಟಿ ಎಸೆಯಬೇಡಿ.

ಬೀದರಿನವರು ಬಿಡಬಾರದ್ದು ಕೋಟೆಯ ಈಶಾನ್ಯ ಮೂಲೆಯ ನೀರಿನ ಸುರಂಗ. ನೌಬಾದಿನ ಕರೇಜ್ ಗುರುತ್ವಾಕರ್ಷಣೆಯ ಬಲದಿಂದ ಅಂತರ್ಜಲವನ್ನು ಊರಿಗೆ ತರುತ್ತಿತ್ತು. ಇಲ್ಲಿ ಹೊರಗಿನ ಒರತೆಯ ನೀರನ್ನು ಮಣ್ಣಿನ ಕೊಳವೆಯಲ್ಲಿ ಗೋಡೆಯ ಅಡಿಗೆ ಹಾಯಿಸಿ, ಮುತ್ತಿಗೆ ಬಿದ್ದಾಗ ಒಳಗಿನಿಂದಲೇ ಇಳಿದು ತುಂಬಿಕೊಳ್ಳುವಂತೆ ಮಾಡಿದ್ದರು. ಮೆಟ್ಟಿಲು ತಿರುಗಿ ತಿರುಗಿ ಕತ್ತಲಿಗೆ ಇಳಿಯುತ್ತವೆ, ಪಾದದಡಿ ಪಸೆ. ಬಾಗಿಲು ತೆರೆದಿದ್ದರೆ ಹಣೆಗೆ ಕಟ್ಟುವ ಬ್ಯಾಟರಿ ಹಾಕಿಕೊಂಡು ಇಳಿಯಿರಿ, ಮೊಬೈಲಿನ ಬೆಳಕು ಬೇಡ. ಎರಡೂ ಕೈ ಗೋಡೆ ಹಿಡಿಯಲು ಬೇಕಾಗುತ್ತವೆ.