ಕಮಾನು ಸೇತುವೆಗೆ ಮುಪ್ಪು ಬರುವುದು ನೀರಿನಿಂದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹರಿಹರದ ಹಳೆ ಸೇತುವೆಯನ್ನು ಬ್ರಿಟನ್ನಿನ ಊರೂರುಗಳ ಕಮಾನು ಸೇತುವೆಗಳ ಪಕ್ಕದಲ್ಲಿಟ್ಟು ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಪ್ರಶ್ನೆಗಳು ಬಂದಿವೆ. 1868ರಲ್ಲಿ ಮುಗಿದ ಹರಿಹರದ ಸೇತುವೆಗೆ 60 ಅಡಿ ಹರವಿನ 14 ಕಮಾನುಗಳು. ಕಟ್ಟಿದ್ದು ಕಲ್ಲು ಮತ್ತು ಇಟ್ಟಿಗೆಯಲ್ಲಿ. ಕಮಾನು ಕಟ್ಟುವ ವಿದ್ಯೆ ಇಲ್ಲಿಯದೂ ಅಲ್ಲಿಯದೂ ಒಂದೇ ಆದ್ದರಿಂದ ಅಲ್ಲಿನ ಅನುಭವ ನಮಗೂ ಬಹುಮಟ್ಟಿಗೆ ಒಗ್ಗುತ್ತದೆ. ಒಗ್ಗದ ಕಡೆ ಹಾಗೆಂದು ಹೇಳಿದ್ದೇವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿನ ಹಳ್ಳಿ ಸೇತುವೆಗಳ ಫೋಟೊ ಕಳಿಸಿದ್ದಾಳೆ. ಕಂಬಗಳಿಗೆ ನೇಗಿಲ ಮೊನೆಯಂಥ ಮೂತಿ ಇದೆ, ಮೇಲೆ ಕೈಗೋಡೆಯಲ್ಲಿ ಅಲ್ಲಲ್ಲಿ ಮೂಲೆಯಂಥ ಜಾಗ ಬಿಟ್ಟಿದ್ದಾರೆ. ಇನ್ನು ಕೆಲವು ಸೇತುವೆಗಳ ಕೈಗೋಡೆ ಮೊಣಕಾಲೆತ್ತರವೂ ಇಲ್ಲ. ಏಕೆ? (ಹರಿಹರ)

ಆ ಮೊನೆ ನೀರು ಸೀಳಲು. ಚಪ್ಪಟೆ ಕಂಬಕ್ಕೆ ಪ್ರವಾಹ ಬಡಿದರೆ ನೀರು ಸುಳಿಯಾಗಿ ತಳಕ್ಕೆ ಇಳಿಯುತ್ತದೆ. ತೇಲಿ ಬಂದ ಮರದ ದಿಮ್ಮಿಯೂ ಅಡ್ಡ ಸಿಕ್ಕಿಕೊಂಡು ಕಸ ಹಿಡಿಯುತ್ತದೆ. ಮೊನೆ ಇದ್ದರೆ ಎರಡೂ ಪಕ್ಕಕ್ಕೆ ಜಾರಿ ಹೋಗುತ್ತವೆ. ಅದೇ ಮೊನೆಯನ್ನು ರಸ್ತೆಯ ಮಟ್ಟದವರೆಗೆ ಎತ್ತಿ ಕಟ್ಟಿದಾಗ ಮೇಲೆ ಮುಕ್ಕೋನದ ಜಾಗ ಸಿಗುತ್ತದೆ. ಗಾಡಿ ಬಂದಾಗ ನಡೆದು ಹೋಗುವವರು ಅಲ್ಲಿ ಸರಿದು ನಿಲ್ಲುತ್ತಿದ್ದರು.

ಗಿಡ್ಡ ಕೈಗೋಡೆಯವು ಹೇರು ಕುದುರೆಗಳ ಸೇತುವೆಗಳು. ಕುದುರೆಯ ಎರಡೂ ಮಗ್ಗುಲಿಗೆ ನೇತಾಡುವ ಮೂಟೆ ಗೋಡೆಗೆ ತಾಗಬಾರದು ಎಂಬುದೇ ಲೆಕ್ಕ. ಇವುಗಳಿಗಿಂತ ಸರಳವಾದ ಬಗೆಯೂ ಉಂಟು. ಸಾಮರ್ಸೆಟ್‌ನ ಬಾರ್ಲ್ ಹೊಳೆಯ ಮೇಲಿನ ಟಾರ್ ಸ್ಟೆಪ್ಸ್‌ನಲ್ಲಿ ಕಮಾನೂ ಇಲ್ಲ, ಗಾರೆಯೂ ಇಲ್ಲ. ಕಲ್ಲು ಗುಡ್ಡೆಗಳ ಮೇಲೆ ಚಪ್ಪಡಿ ಹಾಸಿ 17 ಅಂಕಣ ಮಾಡಿದ್ದಾರೆ. ಪ್ರವಾಹ ಚಪ್ಪಡಿಗಳನ್ನು ಕೊಚ್ಚಿಕೊಂಡು ಹೋಗುತ್ತದೆಂಬುದು ಊರಿಗೆ ಗೊತ್ತು, ಆದ್ದರಿಂದ ಅವಕ್ಕೆ ಸಂಖ್ಯೆ ಕೊಟ್ಟಿದ್ದಾರೆ. ಹೊಳೆ ಇಳಿದ ಮೇಲೆ ಹುಡುಕಿ ತಂದು ಅದದರ ಜಾಗದಲ್ಲೇ ಇಡುತ್ತಾರೆ.

ಪ್ರಶ್ನೆ: ನಮ್ಮೂರ ಹಳ್ಳದ ಮೇಲಿನ ಇಟ್ಟಿಗೆ ಕಮಾನಿನ ಸೇತುವೆಯಲ್ಲಿ ಸಂದಿಯ ಗಾರೆ ಉದುರುತ್ತಿದೆ. ಸಿಮೆಂಟ್ ಮೆತ್ತಿಸಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಸರಿಯೇ? (ಹೊಳಲ್ಕೆರೆ)

ದಯವಿಟ್ಟು ಬೇಡ. ಹಳೆ ಸೇತುವೆಗಳಿಗೆ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಅತಿ ದೊಡ್ಡ ಕೇಡು ಇದು.

ಕಮಾನು ನಿಂತಿರುವುದು ಇಟ್ಟಿಗೆ ಇಟ್ಟಿಗೆಯನ್ನು ಒತ್ತುವುದರಿಂದ. ಗಾರೆ ಅಲ್ಲಿ ಅಂಟಿಗಿಂತ ಹೆಚ್ಚಾಗಿ ಮೆತ್ತೆ. ಒತ್ತಡವನ್ನು ಸಮನಾಗಿ ಹಂಚುತ್ತದೆ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಲಾರಿ ಹೋದಾಗ ಕೂದಲೆಳೆಯಷ್ಟು ಅಲುಗುವ ಕಟ್ಟಡಕ್ಕೆ ಸುಣ್ಣದ ಗಾರೆ ಹೊಂದಿಕೊಳ್ಳುತ್ತದೆ, ಸಿಮೆಂಟ್ ಬಿರಿಯುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ರಸ್ತೆಯಿಂದ ಒಳಗಿಳಿದ ಮಳೆ ನೀರು ಸುಣ್ಣದ ಸಂದಿಯಿಂದ ನಿಧಾನವಾಗಿ ಆರಿ ಹೋಗುತ್ತದೆ. ಸಿಮೆಂಟಿನಿಂದ ಆ ದಾರಿ ಮುಚ್ಚಿದರೆ ನೀರು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು. ಬರುವಾಗ ತಂದ ಉಪ್ಪು ಮೇಲ್ಪದರದಲ್ಲಿ ಹರಳುಗಟ್ಟಿ ಇಟ್ಟಿಗೆಯನ್ನು ಸಿಪ್ಪೆ ಸಿಪ್ಪೆಯಾಗಿ ಉದುರಿಸುತ್ತದೆ. ಬ್ರಿಟನ್ನಿನಲ್ಲಿ ಸಿಕ್ಕಿಬಿದ್ದ ನೀರು ಚಳಿಗೆ ಹೆಪ್ಪುಗಟ್ಟಿ ಅದೇ ಕೆಲಸ ಮಾಡುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಜೇನುಗೂಡಿನ ಗೋಡೆಯಂತೆ ನಿಂತು, ನಡುವಿನ ಇಟ್ಟಿಗೆ ಗುಳಿಬಿದ್ದಿರುತ್ತದೆ. ನಮ್ಮ ಕಡೆಯ ಗಟ್ಟಿ ಕಲ್ಲಿಗೆ ಇಷ್ಟು ಹಾನಿಯಾಗದು; ಇಟ್ಟಿಗೆಗೆ ಖಂಡಿತ ಆಗುತ್ತದೆ.

ಗಾರೆಗೆ ಕೈ ಹಾಕುವ ಮೊದಲು ಸೇತುವೆಯ ಮೇಲೆ ನಿಂತು ನೋಡಿ. ರಸ್ತೆಯಲ್ಲಿ ಗುಂಡಿ ಬಿದ್ದಿದೆಯೇ, ನೀರು ಹೊರಹೋಗುವ ತೂತುಗಳು ಕಟ್ಟಿಕೊಂಡಿವೆಯೇ, ಡಾಂಬರು ಮೇಲೆ ಮೇಲೆ ಹಾಕಿ ಕೈಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದೆಯೇ? ಇದನ್ನು ಸರಿಪಡಿಸದೆ ಕೆಳಗೆ ಎಷ್ಟು ಚೆಂದ ಗಾರೆ ತುಂಬಿದರೂ ಎರಡು ಮಳೆಗಾಲ ನಿಲ್ಲುವುದು ಕಷ್ಟ. ಸಂದಿಯಲ್ಲಿ ಅರಳಿ, ಅತ್ತಿ ಸಸಿ ಎದ್ದಿದ್ದರೆ ಎಳೆಯಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಿ.

ಬಳಿಕ ಉಳಿಯಿಂದ, ಕೈಯಲ್ಲೇ, ಹಳೆ ಗಾರೆಯನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕೆ ತೆಗೆಯಿರಿ. 25 ಮಿಲಿಮೀಟರಿಗೆ ಕಡಿಮೆ ಬೇಡ. ಗ್ರೈಂಡರ್ ಹಾಕಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಒಂದೇ ಸಲ ಇಡೀ ಕಮಾನಿನದನ್ನು ಬಿಚ್ಚಬೇಡಿ, ಒಂದೊಂದು ಗಜದಷ್ಟು ಜಾಗ ಹಿಡಿದು ಮುಗಿಸಿ. ನೀರು ಹೊಡೆದು ದೂಳು ತೊಳೆದು, ಇಟ್ಟಿಗೆ ತೇವವಾಗಿರುವಾಗಲೇ ಗಾರೆ ತುಂಬಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಅದು ಕಟ್ಟಿಕೊಳ್ಳದೆ ಪುಡಿಯಾಗುತ್ತದೆ.

ಮಳೆ ನೇರ ಬೀಳದ ಕಡೆ 1 ಪಾಲು ಚೆನ್ನಾಗಿ ಅರಳಿ ಹಣ್ಣಾದ ಸುಣ್ಣಕ್ಕೆ ಎರಡೂವರೆಯಿಂದ 3 ಪಾಲು ಜರಡಿ ಹಿಡಿದ ಹರಳು ಮರಳು ಸಾಕು. ಬರೀ ಸುಣ್ಣ ಗಟ್ಟಿಯಾಗುವುದು ಗಾಳಿ ಸೋಕಿದರೆ ಮಾತ್ರ. ಆದ್ದರಿಂದ ಹಳ್ಳದ ನೀರು ತಾಗುವ ಕಡೆ ಸುರ್ಕಿ ಬೇಕೇ ಬೇಕು: ಸುಣ್ಣ, ನುಣ್ಣಗೆ ಕುಟ್ಟಿದ ಇಟ್ಟಿಗೆ ಪುಡಿ, ಮರಳು ಸಮಪಾಲು. ಸಂದಿ ಆಳವಾಗಿದ್ದರೆ ಒಂದೇ ಬಾರಿ ತುಂಬದೆ ಪದರ ಪದರವಾಗಿ ಒತ್ತಿ, ನಡುವೆ ಕಲ್ಲಿನ ಚಕ್ಕೆ ಬಡಿಯಿರಿ. ಕೆಲಸಕ್ಕೆ ಬ್ರಿಟನ್ನಿನಲ್ಲಿ ಬೇಸಿಗೆ ಕಾಯುತ್ತಾರೆ, 5 ಡಿಗ್ರಿಗಿಂತ ಚಳಿಯಲ್ಲಿ ಸುಣ್ಣದ ಕೆಲಸ ಕೆಡುತ್ತದೆ. ನಮಗೆ ಅದು ತಲೆಕೆಳಗು: ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಬಿಸಿಗಾಳಿಯಲ್ಲಿ ಗಾರೆ ಸಂಜೆಯೊಳಗೆ ಸೀಳುತ್ತದೆ. ಯಾವ ಕಾಲದಲ್ಲಿ ಮಾಡಿದರೂ ಗೋಣಿಚೀಲ ನೆನೆಸಿ ಕನಿಷ್ಠ ಒಂದು ವಾರ ಮುಚ್ಚಿಡಿ.

ಪ್ರಶ್ನೆ: ನೂರಾರು ವರ್ಷ ನಿಂತ ಬ್ರಿಟನ್ನಿನ ಸೇತುವೆಗಳು ಒಂದೇ ಪ್ರವಾಹಕ್ಕೆ ಬೀಳುವುದೇಕೆ? ನಮ್ಮಲ್ಲಿ ಮುಂಚೆಯೇ ತಿಳಿಯಲು ದಾರಿ ಇದೆಯೇ? (ಚನ್ನಗಿರಿ)

ನೀರು ಸೇತುವೆಯನ್ನು ತಳ್ಳಿ ಬೀಳಿಸುವುದು ಅಪರೂಪ. ಕಾಲ ಕೆಳಗಿನ ಮಣ್ಣನ್ನು ತೋಡಿ ಬೀಳಿಸುತ್ತದೆ. ಕಂಬಗಳ ನಡುವೆ ಜಾಗ ಕಿರಿದಾದಷ್ಟೂ ನೀರಿನ ವೇಗ ಹೆಚ್ಚು, ತೋಡುವ ಬಲವೂ ಹೆಚ್ಚು. ಅಡಿಪಾಯ ಮೇಲ್ಮಟ್ಟದಲ್ಲೇ ಇದ್ದರೆ ಒಂದು ರಾತ್ರಿ ಸಾಕು. ಜಾನ್ ಸ್ಮೀಟನ್‌ನಂಥ ದೊಡ್ಡ ಎಂಜಿನಿಯರ್ ಹೆಕ್ಸಮ್‌ನಲ್ಲಿ ಟೈನ್ ನದಿಗೆ ಕಟ್ಟಿದ ಸೇತುವೆ 1782ರ ಪ್ರವಾಹದಲ್ಲಿ ಹೀಗೇ ಹೋಯಿತು. 2015ರ ಡಿಸೆಂಬರ್‌ನಲ್ಲಿ 1764ರ ಪೂಲಿ ಬ್ರಿಡ್ಜ್ ಕೊಚ್ಚಿಹೋಯಿತು, ಅದೇ ತಿಂಗಳ 29ರಂದು ಟ್ಯಾಡ್‌ಕ್ಯಾಸ್ಟರ್ ಸೇತುವೆಯ ಒಂದು ಭಾಗ ಕುಸಿದು ಊರು ಎರಡು ಹೋಳಾಯಿತು. ಟ್ಯಾಡ್‌ಕ್ಯಾಸ್ಟರಿನದು ಮತ್ತೆ ತೆರೆದದ್ದು 2017ರ ಫೆಬ್ರವರಿಯಲ್ಲಿ.

ಮೋಸಹೋಗುವುದು ಎಲ್ಲಿ ಗೊತ್ತೇ? ತುಂಬು ಹೊಳೆಯಲ್ಲಿ ತೋಡಿದ ಗುಂಡಿಯನ್ನು ಇಳಿಯುವ ಹೊಳೆ ಸಡಿಲ ಮರಳಿನಿಂದ ತಾನೇ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಅದಕ್ಕೆ ಕಣ್ಣಿನ ಜೊತೆ ಕೈಯೂ ಬೇಕು. 12 ಮಿಲಿಮೀಟರಿನ ಕಬ್ಬಿಣದ ಸರಳನ್ನು ಕಂಬದ ಸುತ್ತ ಅರ್ಧ ಮೀಟರಿಗೊಂದರಂತೆ ಚುಚ್ಚಿ. ಒಂದು ಕಡೆ ಗಟ್ಟಿ ನೆಲ ಸಿಕ್ಕು, ಪಕ್ಕದಲ್ಲೇ ಸರಳು ಸಲೀಸಾಗಿ ಇಳಿದರೆ ಅಲ್ಲಿ ಗುಂಡಿ ಬಿದ್ದು ಮುಚ್ಚಿದೆ. ಆಳವನ್ನು ತಾರೀಕು ಹಾಕಿ ಬರೆದಿಟ್ಟು ಪ್ರತಿ ಮಳೆಗಾಲದ ನಂತರ ಹೋಲಿಸಿ. ಕೈಗೋಡೆಯ ಸಾಲು ಕಂಬದ ನೆತ್ತಿಯಲ್ಲಿ ತಗ್ಗಿದೆಯೇ ಎಂದು ಉದ್ದಕ್ಕೆ ಕಣ್ಣು ಹಾಯಿಸಿ. ತಗ್ಗಿದ್ದರೆ ಕಂಬ ಕುಳಿತಿದೆ. ಸೇತುವೆಯ ಹತ್ತಿರ ಮರಳು ತೆಗೆಯುವುದಂತೂ ಅಡಿಪಾಯವನ್ನೇ ತೆಗೆದಂತೆ. ಹೊಳೆಯ ತಳ ಒಟ್ಟಾರೆ ತಗ್ಗಿದರೆ ಕಂಬಕ್ಕೆ ಹಿಡಿತ ಎಲ್ಲಿಂದ?

ಗುಂಡಿ ಕಂಡಿತೆಂದು ಲಾರಿಗಟ್ಟಲೆ ಕಲ್ಲು ಸುರಿಯುವುದೂ ತಪ್ಪು. ಹಳೆ ಲಂಡನ್ ಸೇತುವೆಯ ಕಂಬಗಳ ಸುತ್ತ ಮರದ ಗೂಟ ಬಡಿದು ಕಲ್ಲು ತುಂಬುತ್ತ ಹೋದರು. ಕಾಪು ದಪ್ಪವಾದಷ್ಟೂ ನೀರಿನ ದಾರಿ ಕಿರಿದಾಯಿತು, ವೇಗ ಏರಿತು, ಇಳಿತದ ಹೊತ್ತಿನಲ್ಲಿ ಅಲ್ಲಿ ಜಲಪಾತವೇ ಆಗುತ್ತಿತ್ತು; ಮತ್ತೆ ಕಲ್ಲು ಸುರಿಯಬೇಕಾಯಿತು. ಗುಂಡಿಯನ್ನು ಹೊಳೆಯ ತಳದ ಮಟ್ಟಕ್ಕೆ ಮಾತ್ರ ತುಂಬಬೇಕು, ಮೇಲೆ ಏಳಬಾರದು.

ಪ್ರಶ್ನೆ: ಲಂಡನ್ ಸೇತುವೆಯನ್ನು ಅಮೆರಿಕಕ್ಕೆ ಮಾರಿದ್ದು ನಿಜವೇ? (ಚಿತ್ರದುರ್ಗ)

ನಿಜ. ಆದರೆ ಮೇಲೆ ಹೇಳಿದ, 1209ರಲ್ಲಿ ಮುಗಿದ ಸೇತುವೆಯಲ್ಲ. ಅದರ ಬದಲಿಗೆ 1831ರಲ್ಲಿ ತೆರೆದದ್ದು. 1968ರಲ್ಲಿ ಮಾರಾಟವಾಗಿ, ಸಂಖ್ಯೆ ಬರೆದ ಕಲ್ಲುಗಳು ಅರಿಜೋನಾದ ಲೇಕ್ ಹವಾಸು ಸಿಟಿ ಸೇರಿದವು. ಅಲ್ಲಿ ಒಳಗೆ ಕಾಂಕ್ರೀಟು ಕಟ್ಟಿ ಹೊರಗೆ ಆ ಕಲ್ಲು ಹೊದಿಸಿದ್ದಾರೆ. 1971ರಲ್ಲಿ ಉದ್ಘಾಟನೆಯಾಯಿತು.

ಪ್ರಶ್ನೆ: ಮೆಕ್ಕೆಜೋಳದ ಲಾರಿಗಳು ನಮ್ಮ ಸಣ್ಣ ಕಮಾನು ಸೇತುವೆ ದಾಟುತ್ತವೆ. ಡುಬ್ಬ ಹೆಚ್ಚಾಗಿದೆ, ಮಣ್ಣು ಕೆರೆದು ಮಟ್ಟ ಮಾಡೋಣ ಎನ್ನುತ್ತಿದ್ದಾರೆ. ಸೇತುವೆಯ ಭಾರವೂ ಇಳಿಯುತ್ತದಲ್ಲವೇ? (ಜಗಳೂರು)

ಭಾರ ಇಳಿಯುತ್ತದೆ, ಬಲವೂ ಇಳಿಯುತ್ತದೆ. ಆ ಮಣ್ಣು ಗಾಲಿಯ ಹೊರೆಯನ್ನು ಹರಡಿ ಕಮಾನಿಗೆ ಮುಟ್ಟಿಸುತ್ತದೆ, ಕಮಾನನ್ನು ಬಿಗಿ ಹಿಡಿಯುತ್ತದೆ.

ಸೇನೆಯ ವಾಹನ ದಾಟಬಹುದೇ ಎಂದು ಬೇಗ ತೀರ್ಮಾನಿಸಲು ಬ್ರಿಟಿಷ್ ಸೇನಾ ಎಂಜಿನಿಯರುಗಳು ರೂಪಿಸಿದ ಮೆಕ್ಸಿ ಎಂಬ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ನೆತ್ತಿಯಲ್ಲಿ ಕಮಾನಿನ ದಪ್ಪ ಮತ್ತು ಅದರ ಮೇಲಿನ ಮಣ್ಣಿನ ದಪ್ಪವನ್ನು ಮೀಟರಿನಲ್ಲಿ ಕೂಡಿ, ವರ್ಗ ಮಾಡಿ, 740ರಿಂದ ಗುಣಿಸಿ, ಹರವಿನ 1.3ನೇ ಘಾತದಿಂದ ಭಾಗಿಸಬೇಕು. 6 ಮೀಟರ್ ಹರವು, 30 ಸೆಂಟಿಮೀಟರ್ ಕಮಾನು, 30 ಸೆಂಟಿಮೀಟರ್ ಮಣ್ಣು ಇದ್ದರೆ ವಾಹನದ ಒಂದು ಅಚ್ಚು ಹೊರಿಸಬಹುದಾದ ಹೊರೆ ಸುಮಾರು 26 ಟನ್. 15 ಸೆಂಟಿಮೀಟರ್ ಮಣ್ಣು ಕೆರೆದರೆ 14.6ಕ್ಕೆ ಇಳಿಯುತ್ತದೆ. ಇದು ಆರಂಭದ ಅಂಕಿ ಅಷ್ಟೇ. ಆಕಾರ, ಕಲ್ಲಿನ ಗುಣ, ಸಂದಿ, ಒಟ್ಟು ಸ್ಥಿತಿಗೆ ತಕ್ಕಂತೆ ಗುಣಿಸಿ ಇನ್ನೂ ತಗ್ಗಿಸುತ್ತಾರೆ. ಸಂದಿ 12.5 ಮಿಲಿಮೀಟರಿಗಿಂತ ಅಗಲವಿದ್ದರೆ 0.8, ಗಾರೆ ಸಡಿಲವಿದ್ದರೆ 0.9, ಸ್ಥಿತಿ ಅರ್ಧಂಬರ್ಧ ಎಂದು 0.5 ಹಿಡಿದರೆ ಆ 26 ಟನ್ 9.3ಕ್ಕೆ ಬರುತ್ತದೆ. ಕೊನೆಯ ತೀರ್ಮಾನ ಲೋಕೋಪಯೋಗಿ ಎಂಜಿನಿಯರರದೇ ಆಗಿರಲಿ. ಈ ಲೆಕ್ಕ 18 ಮೀಟರ್ ಹರವಿನವರೆಗೆ ಮಾತ್ರ. ಹರಿಹರದ 60 ಅಡಿ ಎಂದರೆ 18.3 ಮೀಟರ್, ಅದಕ್ಕೆ ಹಾಕಬೇಡಿ.

ಮಣ್ಣು ಎಲ್ಲಿ ಎಷ್ಟಿರಬೇಕು ಎಂಬುದಕ್ಕೆ ವೇಲ್ಸ್‌ನ ಪಾಂಟಿಪ್ರಿಥ್ ಊರಿನ ಸೇತುವೆಯನ್ನು ನೆನೆಯಬೇಕು. ವಿಲಿಯಂ ಎಡ್ವರ್ಡ್ಸ್ ಟಾಫ್ ನದಿಗೆ ಮೊದಲು ಕಟ್ಟಿದ್ದನ್ನು ಪ್ರವಾಹ ಒಯ್ದಿತು. ಆಮೇಲೆ 140 ಅಡಿಯ ಒಂದೇ ಕಮಾನು ಎತ್ತಿದರೆ ಹೆಗಲ (ನೆತ್ತಿಯ ಎರಡೂ ಪಕ್ಕದ ಇಳಿಜಾರು) ಮೇಲಿನ ಹೊರೆ ಹೆಚ್ಚಾಗಿ, ಹಗುರವಾದ ನೆತ್ತಿ ಮೇಲಕ್ಕೆ ಚಿಮ್ಮಿ ಬಿತ್ತು. 1756ರಲ್ಲಿ ಎರಡೂ ಹೆಗಲಿಗೆ ಮೂರು ಮೂರು ದುಂಡು ತೂತು ಬಿಟ್ಟು ಹೊರೆ ಇಳಿಸಿದರು. ಅದು ಇವತ್ತಿಗೂ ನಿಂತಿದೆ.

ಪ್ರಶ್ನೆ: ಬ್ರಿಟನ್ನಿನವರು ಪ್ರತಿ ಊರಿನ ಸೇತುವೆಯ ಚರಿತ್ರೆ ಇಟ್ಟಿದ್ದಾರೆ. ನಾವು ಕಾಲೇಜಿನವರು ಇಲ್ಲಿ ಹೇಗೆ ಶುರುಮಾಡಬಹುದು? (ದಾವಣಗೆರೆ)

ಅವರಿಗೆ ನೆರವಾದದ್ದು ಒಂದು ಕಾನೂನು. ಬೇರೆ ಯಾರೂ ಹೊಣೆ ಇಲ್ಲದ ಸೇತುವೆಯನ್ನೂ ಎರಡೂ ತುದಿಯ 300 ಅಡಿ ದಾರಿಯನ್ನೂ ಕೌಂಟಿಯೇ (ಅಲ್ಲಿನ ಜಿಲ್ಲೆ) ರಿಪೇರಿ ಮಾಡಬೇಕೆಂದು 1531ರಲ್ಲಿ ಗೊತ್ತುಮಾಡಿದರು. ಖರ್ಚು ಮಾಡಿದವರು ಲೆಕ್ಕ ಬರೆಯಲೇಬೇಕು. ಆ ಕಡತಗಳು ಕೌಂಟಿ ದಾಖಲೆ ಕಚೇರಿಗಳಲ್ಲಿ ಸಿಗುತ್ತವೆ. ಡಾರ್ಸೆಟ್‌ನ ಹಳ್ಳಿ ಸೇತುವೆಗಳ ಮೇಲೆ ಇನ್ನೂ ಎರಕದ ಫಲಕಗಳಿವೆ: ಸೇತುವೆಗೆ ಬೇಕೆಂದೇ ಹಾನಿ ಮಾಡಿದವರನ್ನು ಜೀವಾವಧಿ ಗಡೀಪಾರು ಮಾಡಲಾಗುವುದು ಎಂದು. ವೂಸ್ಟರ್‌ನಲ್ಲಿ ಸೆವರ್ನ್ ನದಿಯ ದಡದ ಬಾಗಿಲ ಗೋಡೆಯ ಮೇಲೆ 1770, 1947ರಂಥ ದೊಡ್ಡ ಪ್ರವಾಹಗಳ ಮಟ್ಟವನ್ನು ಕೊರೆದಿದ್ದಾರೆ.

ಇಲ್ಲಿ ಹುಡುಕುವಾಗ ಗಡಿ ನೆನಪಿರಲಿ. ಸೇತುವೆ ಕಟ್ಟಿದ ಕಾಲಕ್ಕೆ ಹರಿಹರ ಮೈಸೂರು ಸೀಮೆ, ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದ ಕಾಗದ ಧಾರವಾಡದಲ್ಲೋ ಮುಂಬಯಿಯಲ್ಲೋ ಇರಬಹುದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನದನ್ನು ಚಿತ್ರದುರ್ಗದ ಹೆಸರಿನಲ್ಲಿ ಕೇಳಿ; ಚನ್ನಗಿರಿ, ಹೊನ್ನಾಳಿ ಕಡೆಯದಾದರೆ ಶಿವಮೊಗ್ಗದ ಹೆಸರಿನಲ್ಲಿ.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬೇಡಿ, ಯಾರೂ ಇಸವಿಯಲ್ಲಿ ನೆನಪಿಡುವುದಿಲ್ಲ. "ಅಜ್ಜಾ, ಹೊಳೆ ಬಂದಾಗ ನೀರು ಎಲ್ಲಿವರೆಗೆ ಬಂದಿತ್ತು, ಆಗ ನಿಮ್ಮ ಮದುವೆ ಆಗಿತ್ತಾ?" ಎಂದು ಕೇಳಿ. ಸೇತುವೆಯ ಬಳಿಗೇ ಕರೆದೊಯ್ದು ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿ, ಕೈಗೋಡೆಯ ಮೇಲಂಚಿನಿಂದ ಅಲ್ಲಿಗೆ ಟೇಪು ಹಿಡಿದು ಬರೆದುಕೊಳ್ಳಿ. ರಸ್ತೆಯಿಂದ ಅಳೆಯಬೇಡಿ, ಡಾಂಬರು ಏರುತ್ತಲೇ ಇರುತ್ತದೆ. ಬೇರೆ ಬೇರೆ ಮನೆಯ ಇಬ್ಬರು ಬೆರಳಿಟ್ಟ ಜಾಗ ಒಂದು ಗೇಣಿನೊಳಗೆ ಕೂಡಿದರೆ ಆ ಮಟ್ಟವನ್ನು ನಂಬಬಹುದು.