'ವೆರಿ ಎಸೆನ್ಷಿಯಲ್' ಅನ್ನಬಹುದಾ?

ಆಫೀಸ್ ಮೇಲಲ್ಲಿ 'ಐ ಆಮ್ ವೆರಿ ಎಸೆನ್ಷಿಯಲ್ ಟು ಟೇಕ್ ಲೀವ್' ಅಂತ ಬರೆದ್ರೆ ಸರಿನಾ ಅಂತ ಕೇಳಿದೀರಲ್ಲ, ಇಲ್ಲ, ಎರಡು ಕಡೆ ಎಡವಟ್ಟಾಗಿದೆ. ಅನಿವಾರ್ಯ ಆಗಿರೋದು ರಜೆ ತಗೊಳ್ಳೋದು, ನೀವಲ್ಲ, ಅದಕ್ಕೆ 'ಇಟ್ ಈಸ್' ಇಂದ ಶುರು ಮಾಡಿ 'ಇಟ್ ಈಸ್ ಎಸೆನ್ಷಿಯಲ್ ಫಾರ್ ಮಿ ಟು ಟೇಕ್ ಲೀವ್' ಅನ್ಬೇಕು, ನೀವು ಬರೆದಿರೋದು ಓದಿದ್ರೆ ನೀವಿಲ್ದೆ ಆಫೀಸೇ ನಡೆಯಲ್ಲ ಅನ್ನೋ ಥರ ಇದೆ, ಆಮೇಲೆ ಮ್ಯಾನೇಜರ್ ರಜೆ ಕೊಟ್ಟಂಗೇ 😄

ಇನ್ನು 'ವೆರಿ'. ಎಸೆನ್ಷಿಯಲ್ ಅಂದ್ರೇನೇ ಅದಿಲ್ದೆ ಆಗೋದೇ ಇಲ್ಲ ಅಂತ, ಅದಕ್ಕೆ ಮತ್ತೆ ವೆರಿ ಹಚ್ಚಿದ್ರೆ ಚೆನ್ನಾಗಿರಲ್ಲ, ಒತ್ತಿ ಹೇಳ್ಲೇಬೇಕು ಅಂದ್ರೆ 'ಅಬ್ಸಲ್ಯೂಟ್ಲಿ ಎಸೆನ್ಷಿಯಲ್' ಅನ್ನಿ. ಇಂಪಾರ್ಟೆಂಟ್ ಜೊತೆ ವೆರಿ ಆರಾಮಾಗಿ ಹೋಗುತ್ತೆ, 'ದಿಸ್ ಮೀಟಿಂಗ್ ಈಸ್ ವೆರಿ ಇಂಪಾರ್ಟೆಂಟ್' ಪಕ್ಕಾ ಸರಿ.

'ಇಂಪಾರ್ಟೆಂಟ್' ಆದ್ಮೇಲೆ 'ಟು' ಹಾಕ್ಬೇಕಾ 'ಫಾರ್' ಹಾಕ್ಬೇಕಾ ಅಂತಾನೂ ಕೇಳಿದ್ರಿ. 'ಮೈ ಫ್ಯಾಮಿಲಿ ಈಸ್ ಇಂಪಾರ್ಟೆಂಟ್ ಟು ಮಿ', ಇಲ್ಲಿ ಮನಸ್ಸಿಗೆ ಮುಖ್ಯ ಅಂತ. 'ಸ್ಲೀಪ್ ಈಸ್ ಇಂಪಾರ್ಟೆಂಟ್ ಫಾರ್ ಹೆಲ್ತ್', ಇಲ್ಲಿ ಅದಕ್ಕೆ ಬೇಕು, ಒಳ್ಳೇದು ಅಂತ. ಕೆಲವು ಕಡೆ ಎರಡೂ ನಡೆಯುತ್ತೆ, ಜಾಸ್ತಿ ತಲೆ ಕೆಡಿಸ್ಕೋಬೇಡಿ.

ನನ್ನ ಕೇಳಿದ್ರೆ ರಜೆ ಮೇಲ್‌ಗೆ ಇಷ್ಟೆಲ್ಲಾ ಭಾರದ ಪದ ಯಾಕೆ, 'ಐ ನೀಡ್ ಟು ಟೇಕ್ ಲೀವ್ ಆನ್ ಫ್ರೈಡೇ' ಅಂತ ಬರೆದು ಕಳ್ಸಿ.